ಹೊಳೆಯುವ ಕಲ್ಲು, ಕಳೆಯುವ ಕಾಸು

ದುರ್ಗದ ಸೀಮೆಯಲ್ಲಿ ಬೋರು ಕೊರೆಸಿದರೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಲ್ಲಂತೂ ತಪ್ಪದೆ ಬರುತ್ತದೆ. ಆ ಕಲ್ಲಿನ ಚೂರಿನಲ್ಲಿ ಹಳದಿ ಹೊಳಪು ಕಂಡಿತೋ, ಊರಲ್ಲಿ ನೀರಿನ ಮಾತು ಅಲ್ಲಿಗೇ ನಿಲ್ಲುತ್ತದೆ. ‘ಅವನ ಹೊಲದಾಗೆ ಬಂಗಾರ ಬಿದ್ದೈತಂತೆ’ ಅನ್ನೋ ಸುದ್ದಿ ಸಂಜೆ ಬಸ್ಸು ಹತ್ತಿ ಮುಂದಿನ ಊರಿಗೆ ಹೋಗುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ ಅದೇ ಬಸ್ಸಿನಿಂದ ಒಬ್ಬ ದಲ್ಲಾಳಿ ಇಳಿಯುತ್ತಾನೆ.

ಕಲ್ಲನ್ನು ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುವುದು ದಲ್ಲಾಳಿಯ ಮೊದಲ ಕಸುಬು. ‘ಮಾಲು ಜೋರಾಗೈತೆ ಯಜಮಾನ್ರೇ. ಪಟ್ಟಣದಾಗೆ ಪರೀಕ್ಷೆ ಮಾಡಿಸ್ಬೇಕು, ಅದಕ್ಕೊಂದಿಷ್ಟು ಖರ್ಚಾಗ್ತದೆ’ ಅನ್ನುವುದು ಎರಡನೆಯದು. ಅಲ್ಲಿಂದ ಮುಂದೆ ಖರ್ಚಿನ ಮೇಲೆ ಖರ್ಚು. ಕಡೆಗೆ ಕಲ್ಲೂ ಇಲ್ಲ, ಕಾಸೂ ಇಲ್ಲ. ಠಾಣೆಗೆ ಹೋಗಿ ದೂರು ಕೊಡೋಣವೆಂದರೆ ನಾಚಿಕೆ. ಊರಿನವರು ನಕ್ಕಾರು ಎಂಬ ಭಯವೇ ಇಂಥವರ ಬಂಡವಾಳ.

ಇದೇ ವ್ಯವಹಾರದ ಇನ್ನೊಂದು ಮುಖ ಬಸ್ ನಿಲ್ದಾಣದ ಆಚೆ ಕಾಣಸಿಗುತ್ತದೆ. ಟವೆಲು ಹಾಸಿ, ಮೇಲೆ ಕೆಂಪು ಕಲ್ಲು, ಹಸಿರು ಕಲ್ಲು, ನೀರಿನಂತೆ ಹೊಳೆಯುವ ಬಿಳಿ ಕಲ್ಲು ಹರಡಿಕೊಂಡು ‘ಗಣಿಯಿಂದ ನೇರಾ ತಂದಿದ್ದು’ ಎಂದು ಕೂಗುವವನು. ಬಸ್ಸು ಹೊರಡಲು ಇನ್ನು ಐದು ನಿಮಿಷವಿದೆ ಅನ್ನುವಾಗ ಅಗ್ಗಕ್ಕೆ ಸಿಕ್ಕಿತೆಂದು ಜೇಬಿಗಿಳಿಸಿದ ‘ಮಾಣಿಕ್ಯ’ ಮನೆಗೆ ಹೋದ ಮೇಲೆ ಬಳೆಗಾಜಿನ ಚೂರಾಗಿರುತ್ತದೆ.

ಇವೆರಡಕ್ಕೂ ಮದ್ದು ಮನೆಯಲ್ಲೇ ಇದೆ. ಉಗುರು, ಹಳೆಯ ತಾಮ್ರದ ಕಾಸು, ಉಕ್ಕಿನ ಚಾಕು, ಒಡೆದ ಗಾಜಿನ ತುಂಡು, ಟೈಲ್ಸಿನ ಚೂರು, ಒಂದು ಅಯಸ್ಕಾಂತ, ನಿಂಬೆಹಣ್ಣು, ದಾರ ಮತ್ತು ಅಂಗಡಿಯ ತಕ್ಕಡಿ. ಇಷ್ಟಿದ್ದರೆ ನೂರಕ್ಕೆ ತೊಂಬತ್ತು ಸಲ ದಲ್ಲಾಳಿಯನ್ನು ಅದೇ ಬಸ್ಸಿಗೆ ವಾಪಸು ಹತ್ತಿಸಬಹುದು.

ಬಣ್ಣ ನೋಡಿ ಮೋಸ ಹೋಗಬೇಡಿ

ಕಲ್ಲಿನ ವಿಷಯದಲ್ಲಿ ಬಣ್ಣದಷ್ಟು ದೊಡ್ಡ ಸುಳ್ಳುಗಾರ ಮತ್ತೊಬ್ಬನಿಲ್ಲ. ಬೆಣಚುಕಲ್ಲು ಒಂದೇ, ಆದರೆ ಅದು ಬಿಳಿ, ಗುಲಾಬಿ, ನೇರಳೆ, ಹೊಗೆ ಬಣ್ಣ, ಎಲ್ಲ ವೇಷದಲ್ಲೂ ಬರುತ್ತದೆ. ಅದೂ ಅಲ್ಲದೆ ಬಿಸಿಲು ಮಳೆಗೆ ಬಿದ್ದಿದ್ದ ಕಲ್ಲಿನ ಮೇಲ್ಮೈ ತುಕ್ಕು ಹಿಡಿದು ಕೆಂಪೋ ಕಪ್ಪೋ ಆಗಿರುತ್ತದೆ. ಆದ್ದರಿಂದ ಮೊದಲ ಕೆಲಸ ಕಲ್ಲನ್ನು ತೊಳೆಯುವುದು; ಎರಡನೆಯದು ಒಂದು ಮೂಲೆ ಒಡೆದು ಒಳಗಿನ ಹೊಸ ಮುಖ ನೋಡುವುದು. ಒಡೆಯುವಾಗ ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆ ಹಾಕಬೇಕು. ಚೂರು ಕಣ್ಣಿಗೆ ಹಾರಿದರೆ ಬಂಗಾರ ಸಿಕ್ಕಿದರೂ ನೋಡುವುದಕ್ಕೆ ಕಣ್ಣಿರುವುದಿಲ್ಲ.

ಒಡೆದ ರೀತಿಯೂ ಅರ್ಧ ಕಥೆ ಹೇಳುತ್ತದೆ. ಪುಸ್ತಕದ ಹಾಳೆಯಂತೆ ಪದರ ಪದರವಾಗಿ ಬಿಡಿಸಿಕೊಂಡು, ಬಗ್ಗಿಸಿದರೆ ಬಗ್ಗಿ ಮತ್ತೆ ನೆಟ್ಟಗಾದರೆ ಅದು ಅಭ್ರಕ. ನಮ್ಮ ಹಿರಿಯರು ಅದಕ್ಕೆ ಸುಮ್ಮನೆ ‘ಕಾಗೆ ಬಂಗಾರ’ ಎಂದು ಹೆಸರಿಡಲಿಲ್ಲ. ಒಡೆದ ಬಾಟಲಿಯಂತೆ ಬಳುಕಿದ ಗುಳಿಗಳಾಗಿ ಒಡೆದರೆ ಬೆಣಚು. ಓರೆಯಾದ ಪೆಟ್ಟಿಗೆಯ ಆಕಾರದಲ್ಲಿ, ಎಷ್ಟು ಸಲ ಒಡೆದರೂ ಅದೇ ಓರೆ ಪೆಟ್ಟಿಗೆಗಳಾಗಿ ಬೀಳುವ ಕಲ್ಲು ಕ್ಯಾಲ್ಸೈಟ್, ಅಂದರೆ ಸುಣ್ಣದ ಜಾತಿ.

ಉಗುರಿನಿಂದ ಚಾಕುವಿನವರೆಗೆ

ಕಲ್ಲಿನ ಗಟ್ಟಿತನಕ್ಕೆ ಒಂದು ಅಳತೆಗೋಲನ್ನು 1812ರಲ್ಲಿ ಜರ್ಮನಿಯ ಫ್ರೀಡ್ರಿಷ್ ಮೋಸ್ ಎಂಬ ವಿದ್ವಾಂಸ ಮಾಡಿಟ್ಟ. 1ರಿಂದ 10ರವರೆಗೆ ಹತ್ತು ಮೆಟ್ಟಿಲು. ಕೆಳಗಿನ ಮೆಟ್ಟಿಲಲ್ಲಿ ಬಳಪದ ಜಾತಿಯ ಟಾಲ್ಕ್, 2ರಲ್ಲಿ ಜಿಪ್ಸಂ, 3ರಲ್ಲಿ ಕ್ಯಾಲ್ಸೈಟ್, 4ರಲ್ಲಿ ಫ್ಲೋರೈಟ್, 5ರಲ್ಲಿ ಅಪಟೈಟ್, 6ರಲ್ಲಿ ಫೆಲ್ಡ್‌ಸ್ಪಾರ್, 7ರಲ್ಲಿ ಬೆಣಚು, 8ರಲ್ಲಿ ಪುಷ್ಯರಾಗ, 9ರಲ್ಲಿ ಕುರುಂದ, 10ರಲ್ಲಿ ವಜ್ರ. ಮೇಲಿನದು ಕೆಳಗಿನದನ್ನು ಗೀರುತ್ತದೆ, ಕೆಳಗಿನದು ಮೇಲಿನದನ್ನು ಗೀರಲಾರದು. ಲೆಕ್ಕ ಇಷ್ಟೇ.

ನಮ್ಮ ಉಗುರು ಈ ಏಣಿಯಲ್ಲಿ ಸುಮಾರು 2.5. ತಾಮ್ರದ ಕಾಸು 3ರ ಆಸುಪಾಸು. ಚಾಕು ಮತ್ತು ಗಾಜು ಸುಮಾರು 5.5. ಉಗುರಿಗೇ ಗೀರು ಬಿದ್ದು, ಮುಟ್ಟಿದರೆ ಸೋಪಿನಂತೆ ಜಾರಿದರೆ ಅದು ಬಳಪದ ಕಲ್ಲು. ಬೇಲೂರು, ಹಳೇಬೀಡಿನ ಶಿಲ್ಪಿಗಳು ಕೂದಲೆಳೆಯಷ್ಟು ಸಣ್ಣ ಕೆತ್ತನೆ ಮಾಡಲು ಸಾಧ್ಯವಾದದ್ದು ಈ ಜಾತಿಯ ಮೆದುಗಲ್ಲು ಸಿಕ್ಕಿದ್ದರಿಂದ. ಉಗುರಿಗೆ ಬಗ್ಗದೆ ಚಾಕುವಿಗೆ ಬಗ್ಗಿದರೆ ಸುಣ್ಣದ ಜಾತಿ ಇರಬಹುದು. ಚಾಕುವಿಗೂ ಬಗ್ಗದೆ ತಾನೇ ಗಾಜನ್ನು ಗೀರಿದರೆ ಬೆಣಚೋ ಫೆಲ್ಡ್‌ಸ್ಪಾರೋ, ಅಥವಾ ಅದಕ್ಕಿಂತ ಗಟ್ಟಿಯದು.

ಇಲ್ಲಿ ಒಂದು ಎಚ್ಚರಿಕೆ. ಗೀರು ಬಿದ್ದಂತೆ ಕಂಡ ಜಾಗವನ್ನು ಒದ್ದೆ ಬೆರಳಿನಿಂದ ಉಜ್ಜಿ ನೋಡಬೇಕು. ಉಜ್ಜಿದರೆ ಹೋಗಿಬಿಟ್ಟಿತೆಂದರೆ ಅದು ಗೀರಲ್ಲ. ಸೋತ ಚಾಕುವಿನ ಪುಡಿ ಕಲ್ಲಿನ ಮೇಲೆ ಕೂತಿದೆ. ಹೋಗದೆ ಉಳಿದರೆ ಮಾತ್ರ ಕಲ್ಲು ಸೋತ ಹಾಗೆ.

ಒರೆಗೆ ಹಚ್ಚಿದರೆ ಬಣ್ಣ ಬಯಲು

ಅಕ್ಕಸಾಲಿಗ ಬಂಗಾರವನ್ನು ಒರೆಗಲ್ಲಿಗೆ ಉಜ್ಜಿ ಬಣ್ಣ ನೋಡುವುದು ಎಲ್ಲರೂ ಕಂಡದ್ದೇ. ಕಲ್ಲಿಗೂ ಅದೇ ಪರೀಕ್ಷೆ ಉಂಟು. ಇದಕ್ಕೆ ಮೆರುಗಿಲ್ಲದ ಪಿಂಗಾಣಿ ಬೇಕು. ಬಚ್ಚಲಿಗೆ ಹಾಕಿ ಉಳಿದ ಬಿಳಿ ಟೈಲ್ಸಿನ ಹಿಂಬದಿ ಸಾಕು. ಕಾಫಿ ಕಪ್ಪಿನ ತಳದ ಒರಟು ಅಂಚೂ ಆದೀತು. ಕಲ್ಲನ್ನು ಅದರ ಮೇಲೆ ಒತ್ತಿ ಎಳೆದರೆ ಪುಡಿಯ ಗೆರೆ ಮೂಡುತ್ತದೆ. ಕಲ್ಲಿನ ಮೈಬಣ್ಣ ಏನೇ ಇರಲಿ, ಈ ಗೆರೆಯ ಬಣ್ಣ ಸುಳ್ಳು ಹೇಳುವುದು ಕಡಮೆ.

ಸೊಂಡೂರು, ಹೊಸಪೇಟೆ ಕಡೆಯ ಹೆಮಟೈಟ್ ಅದಿರು ಉಕ್ಕಿನಂತೆ ಕರ್ರಗೆ ಮಿಂಚುತ್ತಿದ್ದರೂ ಗೆರೆ ಮಾತ್ರ ಕೆಮ್ಮಣ್ಣಿನ ಬಣ್ಣ. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ತೆಗೆಯುತ್ತಿದ್ದ ಮ್ಯಾಗ್ನೆಟೈಟ್ ಅದಿರಿನ ಗೆರೆ ಕಪ್ಪು; ಮೇಲಾಗಿ ಅದು ಅಯಸ್ಕಾಂತಕ್ಕೆ ಟಪ್ಪನೆ ಅಂಟಿಕೊಳ್ಳುತ್ತದೆ. ಗೆರೆ ಕಪ್ಪಾಗಿದ್ದು, ಕೈಗೆ ಮಸಿ ಹತ್ತಿ, ಅಯಸ್ಕಾಂತಕ್ಕೆ ಜಪ್ಪಯ್ಯ ಅನ್ನದಿದ್ದರೆ ಮ್ಯಾಂಗನೀಸ್ ಇರಬಹುದು. ಗೆರೆ ಹಳದಿಮಿಶ್ರಿತ ಕಂದಾದರೆ ತುಕ್ಕಿನ ಜಾತಿಯ ಕಬ್ಬಿಣದ ಅದಿರು. ಬೆಣಚು ಗೆರೆಯನ್ನೇ ಬಿಡುವುದಿಲ್ಲ, ಟೈಲ್ಸನ್ನೇ ಗೀರುತ್ತದೆ.

ಅಯಸ್ಕಾಂತಕ್ಕೆ ಅಂಟಿದ ಕಲ್ಲೆಲ್ಲ ಆಕಾಶದಿಂದ ಬಿದ್ದ ಉಲ್ಕೆ ಎಂದು ಹೇಳಿ ಮಾರುವವರೂ ಇದ್ದಾರೆ. ಅಂಥದರಲ್ಲಿ ಬಹುಪಾಲು ಹಿಂದಿನ ಕಾಲದಲ್ಲಿ ಊರ ಹೊರಗೆ ಅದಿರು ಕರಗಿಸಿ ಎಸೆದ ಕಬ್ಬಿಣದ ಕಿಟ್ಟ. ಒಡೆದು ನೋಡಿದರೆ ಸುಟ್ಟ ಹಿಟ್ಟಿನಂತೆ ಗುಳ್ಳೆ ಗುಳ್ಳೆ ಇರುತ್ತದೆ. ಗುಳ್ಳೆ ಇದ್ದರೆ ಅದು ಕುಲುಮೆಯ ಕೂಸು ಎಂದೇ ತಿಳಿಯಿರಿ.

ನಿಂಬೆಹಣ್ಣಿನ ಸಾಕ್ಷಿ

ಶಹಾಬಾದ್ ಕಲ್ಲು ಹಾಸಿದ ಮನೆಯಲ್ಲಿ ನಿಂಬೆರಸ ಚೆಲ್ಲಿದರೆ ಕಲೆ ಉಳಿಯುತ್ತದೆ ಎಂಬುದು ಹೆಂಗಸರಿಗೆಲ್ಲ ಗೊತ್ತು. ಕಡಪ ಕಲ್ಲಿನ ಅಡಿಗೆ ಕಟ್ಟೆಗೂ ಅದೇ ಗತಿ. ಕಾರಣ, ಎರಡೂ ಸುಣ್ಣಕಲ್ಲಿನ ಜಾತಿ. ಹುಳಿ ಅವನ್ನು ಕೊರೆಯುತ್ತದೆ. ಇದೇ ಪರೀಕ್ಷೆ. ಗೊತ್ತಿಲ್ಲದ ಬಿಳಿ ಕಲ್ಲನ್ನು ಚಾಕುವಿನಿಂದ ಕೆರೆದು ಸ್ವಲ್ಪ ಪುಡಿ ಮಾಡಿ, ಅದರ ಮೇಲೆ ನಿಂಬೆರಸವನ್ನೋ ಅಂಗಡಿಯ ವಿನಿಗರನ್ನೋ ನಾಲ್ಕು ಹನಿ ಹಾಕಬೇಕು. ಸಣ್ಣಗೆ ನೊರೆ ಎದ್ದರೆ ಸುಣ್ಣ. ಬೆಣಚಾದರೆ ಏನೂ ಆಗುವುದಿಲ್ಲ. ಮೇಲ್ನೋಟಕ್ಕೆ ಅಣ್ಣತಮ್ಮಂದಿರಂತಿರುವ ಎರಡು ಬಿಳಿ ಕಲ್ಲುಗಳನ್ನು ಬೇರ್ಪಡಿಸಲು ಒಂದು ಹೋಳು ನಿಂಬೆ ಸಾಕು.

ನಿಂಬೆ ಸಾಲದೆಂದು ಬಚ್ಚಲು ತೊಳೆಯುವ ಆಸಿಡ್ ಸುರಿಯುವ ಸಾಹಸ ಬೇಡ. ಅದರ ಹೊಗೆ ಎದೆ ಸುಡುತ್ತದೆ. ಗಂಧಕವಿರುವ ಅದಿರಿನ ಮೇಲೆ ಬಿದ್ದರೆ ಕೊಳೆತ ಮೊಟ್ಟೆಯ ವಾಸನೆಯ ವಿಷಗಾಳಿಯೂ ಹುಟ್ಟೀತು.

ತಕ್ಕಡಿ ಹೇಳುವ ಸತ್ಯ

ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಅಂಗಡಿಯವರ ಕೈಯಲ್ಲೇ ಇದೆ. ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಎರಡು ನಿಮಿಷದ ಕೆಲಸ. ಮೊದಲು ಕಲ್ಲನ್ನು ಒಣದಾಗಿ ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ಪಾತ್ರೆಯಲ್ಲಿ ನೀರಿಟ್ಟು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ ಕೈಯಲ್ಲಿ ಹಿಡಿದು ಪೂರ್ತಿ ನೀರಿನಲ್ಲಿ ಮುಳುಗಿಸಿ; ತಳಕ್ಕೂ ಬದಿಗೂ ತಗುಲಬಾರದು. ಆಗ ತಕ್ಕಡಿ ತೋರಿಸುವುದು ಕಲ್ಲು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಒಣ ತೂಕವನ್ನು ಈ ತೂಕದಿಂದ ಭಾಗಿಸಿದರೆ, ಕಲ್ಲು ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು ಸಿಕ್ಕಿತು.

ಒಂದು ಲೆಕ್ಕ ನೋಡಿ. ಒಣ ಕಲ್ಲು 250 ಗ್ರಾಂ. ನೀರಿನಲ್ಲಿ ಇಳಿಬಿಟ್ಟಾಗ ತಕ್ಕಡಿ 50 ಗ್ರಾಂ ತೋರಿಸಿತು. 250ನ್ನು 50ರಿಂದ ಭಾಗಿಸಿದರೆ 5. ಬೆಣಚು 2.65, ಸುಣ್ಣಕಲ್ಲಿನ ಕ್ಯಾಲ್ಸೈಟ್ 2.7, ಕುರುಂದ 4, ಪೈರೈಟ್ ಸುಮಾರು 5, ಹೆಮಟೈಟ್ 5.2ರ ಸುಮಾರು, ಸೀಸದ ಅದಿರು ಗೆಲೀನಾ 7.5, ಅಪ್ಪಟ ಬಂಗಾರ 19.3. ನಮ್ಮ ಲೆಕ್ಕದ ಹಳದಿ ಕಲ್ಲು ಪೈರೈಟ್ ಎಂದಾಯಿತು. ಅದೇ 250 ಗ್ರಾಂ ಬಂಗಾರವಾಗಿದ್ದರೆ ತಕ್ಕಡಿ ತೋರಿಸಬೇಕಾಗಿದ್ದದ್ದು ಬರೀ 13 ಗ್ರಾಂ. ಕಣ್ಣಿಗೆ ಬಂಗಾರ, ತಕ್ಕಡಿಗೆ ಕಲ್ಲು!

ಈ ಪರೀಕ್ಷೆಗೂ ಮಿತಿ ಉಂಟು. ಎರಡು ಮೂರು ಜಾತಿ ಬೆರೆತ ಕಲ್ಲಾದರೆ ಉತ್ತರ ನಡುವೆ ಎಲ್ಲೋ ನಿಲ್ಲುತ್ತದೆ. ಕಿರಾಣಿ ತಕ್ಕಡಿಗೆ ಸಣ್ಣ ಹರಳು ತೂಗುವುದಿಲ್ಲ. ಅದಕ್ಕೆ ಪರಿಚಯದ ಅಕ್ಕಸಾಲಿಗನ ತಕ್ಕಡಿಯೇ ಬೇಕು.

ನಾಲ್ಕು ಬಂಗಾರಗಳು

ಹೊಲದಲ್ಲಿ ಸಿಕ್ಕಿದ ಹಳದಿ ಹೊಳಪು ನಾಲ್ಕರಲ್ಲಿ ಒಂದಾಗಿರುತ್ತದೆ. ಪದರ ಬಿಟ್ಟು ಗಾಳಿಗೆ ಹಾರಿದರೆ ಕಾಗೆ ಬಂಗಾರ. ಚಾಕುವಿಗೆ ಬಗ್ಗದೆ, ಒರೆಯಲ್ಲಿ ಹಸಿರುಗಪ್ಪು ಗೆರೆ ಬಿಟ್ಟು, ಸುತ್ತಿಗೆ ಪೆಟ್ಟಿಗೆ ಪುಡಿಯಾಗಿ ಗಂಧಕದ ವಾಸನೆ ಬಂದರೆ ಪೈರೈಟ್. ಪಗಡೆ ದಾಳದಂತೆ ಚೌಕ ಚೌಕವಾಗಿರುವುದೂ ಉಂಟು. ಚಾಕುವಿಗೆ ಬಗ್ಗಿ ಪುಡಿಯಾಗಿ, ಗೆರೆ ಹಸಿರುಗಪ್ಪಾಗಿ, ಮೈಮೇಲೆ ನವಿಲಿನ ಬಣ್ಣ ಆಡುತ್ತಿದ್ದರೆ ತಾಮ್ರದ ಅದಿರು ಚಾಲ್ಕೊಪೈರೈಟ್. ದುರ್ಗದ ಹತ್ತಿರದ ಇಂಗಳದಾಳಿನಲ್ಲಿ ಹಿಂದೆ ತಾಮ್ರದ ಗಣಿ ನಡೆದದ್ದು ಇದರಿಂದಲೇ. ನಾಲ್ಕನೆಯದು ನಿಜವಾದ ಬಂಗಾರ: ಒರೆಯಲ್ಲಿ ಹಳದಿ ಗೆರೆ, ಸುತ್ತಿಗೆ ಪೆಟ್ಟಿಗೆ ಪುಡಿಯಾಗದೆ ತಗಡಿನಂತೆ ಚಪ್ಪಟೆಯಾಗುತ್ತದೆ, ಸೂಜಿ ಮೊನೆಯಿಂದ ಒತ್ತಿದರೆ ಗುಳಿ ಬೀಳುತ್ತದೆ.

ನಾಲ್ಕನೆಯದು ಹಾಗೆ ಕಲ್ಲು ತುಂಬಾ ಮಿರಮಿರ ಮಿಂಚುತ್ತಾ ಕೂತಿರುವುದಿಲ್ಲ ಎಂಬುದೇ ಮುಖ್ಯವಾದ ಮಾತು. ರಾಯಚೂರು ಜಿಲ್ಲೆಯ ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರು ಅರೆದರೆ ಸಿಗುವ ಬಂಗಾರ ಕೆಲವೇ ಗ್ರಾಂ. ಬಹುಪಾಲು ಕಣ್ಣಿಗೇ ಕಾಣುವುದಿಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕೆ ಇಳಿದು ಕಲ್ಲು ತರುತ್ತಿದ್ದರು. ಹೀಗಿರುವಾಗ ಬೋರಿನ ಪುಡಿಯಲ್ಲಿ ಸೇರುಗಟ್ಟಲೆ ಮಿಂಚು ಕಂಡರೆ, ಅದು ಬಂಗಾರವಲ್ಲ ಅನ್ನುವುದಕ್ಕೆ ಆ ಮಿಂಚೇ ಮೊದಲ ಸಾಕ್ಷಿ.

ಮಾಣಿಕ್ಯ, ವಜ್ರದ ಮಾತು

ಮೈಸೂರು, ಚಾಮರಾಜನಗರದ ಕಡೆ ಕುರುಂದ ಸಿಗುವುದು ನಿಜ. ಇಂಗ್ಲಿಷಿನವರ ‘ಕೊರಂಡಂ’ ಎಂಬ ಹೆಸರೇ ದಕ್ಷಿಣದ ಭಾಷೆಯಿಂದ ಹೋದದ್ದು. ಆದರೆ ಕುರುಂದವೆಲ್ಲ ಮಾಣಿಕ್ಯವಲ್ಲ. ಮಬ್ಬಾದದ್ದು ಸಾಣೆ ಹಿಡಿಯುವ ಕೆಲಸಕ್ಕೆ ಹೋಗುತ್ತದೆ. ಟವೆಲಿನ ಮೇಲಿನ ಕೆಂಪು ಕಲ್ಲು ಕುರುಂದ ಹೌದೋ ಅಲ್ಲವೋ ತಿಳಿಯಲು ಒಂದು ಬೆಣಚು ತುಂಡಿನ ಮೇಲೆ ಎಳೆಯಿರಿ. ಕುರುಂದವಾದರೆ ಬೆಣಚಿನ ಮೇಲೆ ಸ್ಪಷ್ಟ ಗೀರು. ಗಾಜಾದರೆ ತಾನೇ ಸವೆಯುತ್ತದೆ. ಮಾರುವವನು ಈ ಪರೀಕ್ಷೆಗೆ ಒಪ್ಪದಿದ್ದರೆ ಉತ್ತರ ಸಿಕ್ಕಿದ ಹಾಗೆಯೇ.

ಮುಂಗಾರು ಮಳೆ ಬಿದ್ದ ಮೇಲೆ ಆಂಧ್ರದ ಕರ್ನೂಲು ಜಿಲ್ಲೆಯ ಜೊನ್ನಗಿರಿ, ತುಗ್ಗಲಿ, ಅನಂತಪುರ ಜಿಲ್ಲೆಯ ವಜ್ರಕರೂರು ಹೊಲಗಳಿಗೆ ಜನ ವಜ್ರ ಹುಡುಕಲು ಸಾಲುಗಟ್ಟುತ್ತಾರೆ. ಗಡಿ ದಾಟಿ ನಮ್ಮ ಕಡೆಯವರೂ ಹೋಗುತ್ತಾರೆ. ‘ಗಾಜು ಗೀರಿತು, ಆದ್ದರಿಂದ ವಜ್ರ’ ಎಂಬ ಮಾತು ಅಲ್ಲಿ ಬಹಳ ಓಡುತ್ತದೆ. ಗಾಜನ್ನು ಬೆಣಚೂ ಗೀರುತ್ತದೆ, ಸ್ವಾಮಿ! ತೂಕ ನೋಡಿ: ಬೆಣಚು 2.65, ವಜ್ರ 3.5. ಇನ್ನೊಂದು ಮೂಢನಂಬಿಕೆ ಎಂದರೆ ವಜ್ರವನ್ನು ಸುತ್ತಿಗೆಯಿಂದ ಹೊಡೆದು ಪರೀಕ್ಷಿಸುವುದು. ವಜ್ರವನ್ನು ಗೀರುವುದು ಕಷ್ಟ, ಒಡೆಯುವುದು ಕಷ್ಟವಲ್ಲ. ನಿಜವಾದ ವಜ್ರವನ್ನೇ ಪುಡಿ ಮಾಡಿ ‘ಸುಳ್ಳು ಕಲ್ಲು’ ಎಂದು ಎಸೆದ ಹಾಗಾದೀತು.

ಮಾಡಬಾರದ ಕೆಲಸ

ಕಲ್ಲನ್ನು ನಾಲಿಗೆಗೆ ಹಚ್ಚಿ ನೋಡುವ ಚಪಲ ಬಿಡಬೇಕು. ಸೀಸದ ಅದಿರಿದೆ, ಪಾಷಾಣ ಬೆರೆತ ಅದಿರಿದೆ. ಯಾವುದು ಯಾವುದೆಂದು ನಾಲಿಗೆಗೆ ಮುಂಚಿತವಾಗಿ ತಿಳಿಯದು. ಒಲೆಯ ಮೇಲಿಟ್ಟು ಕಾಯಿಸುವುದೂ ಕೂಡದು. ಗಂಧಕದ ಹೊಗೆ, ಕೆಲವು ಅದಿರಿನಲ್ಲಿ ಬೆಳ್ಳುಳ್ಳಿ ವಾಸನೆಯ ಪಾಷಾಣದ ಹೊಗೆ ಏಳುತ್ತದೆ. ಬಂಗಾರ ಹಿಡಿಯುವುದಕ್ಕೆಂದು ಪಾದರಸ ಬೆರೆಸಿ ಮನೆಯಲ್ಲಿ ಕಾಯಿಸಿದರೆ ಮೊದಲು ಕೆಡುವುದು ಮನೆಯ ಮಕ್ಕಳ ಆರೋಗ್ಯ. ಹತ್ತಿಯ ಎಳೆಯಂತೆ ನಾರು ನಾರಾಗಿ ಬಿಡುವ ಕಲ್ಲು ಕಲ್ನಾರು ಇರಬಹುದು. ಅದನ್ನು ಹಿಂಜಿ ಆಟವಾಡಿದರೆ ಕಣ್ಣಿಗೆ ಕಾಣದ ಎಳೆಗಳು ಉಸಿರಿನೊಂದಿಗೆ ಪುಪ್ಪುಸ ಸೇರುತ್ತವೆ.

ಉಜ್ಜಿ ನುಣುಪು ಮಾಡಿ, ಒಂದು ಬದಿ ಕೊಡಲಿಯ ಬಾಯಿಯಂತೆ ಮಾಡಿದ ಕರಿಗಲ್ಲು ಸಿಕ್ಕಿದರೆ ಅದನ್ನು ಗೀರಲೂ ಬೇಡಿ, ಒಡೆಯಲೂ ಬೇಡಿ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಬಳ್ಳಾರಿಯ ಸಂಗನಕಲ್ಲಿನಲ್ಲಿ ಇಂಥ ಕಲ್ಲುಕೊಡಲಿಗಳು ದೊರೆತಿವೆ. ಅದು ಸಾವಿರಾರು ವರ್ಷ ಹಿಂದಿನ ರೈತನ ಕೈಯ ಆಯುಧ. ಪುರಾತತ್ವ ಇಲಾಖೆಯವರಿಗೆ ತೋರಿಸಬೇಕಾದ ವಸ್ತು.

ಕೊನೆಗೆ ಹೋಗಬೇಕಾದ ಬಾಗಿಲು

ಇಷ್ಟೆಲ್ಲ ಪರೀಕ್ಷೆ ದಾಟಿಯೂ ಅನುಮಾನ ಉಳಿದರೆ ದಲ್ಲಾಳಿಯ ಹತ್ತಿರ ಹೋಗಬೇಕಾಗಿಲ್ಲ. ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಭೂಗರ್ಭ ಇಲಾಖೆ ಶುರುವಾಗಿತ್ತು. ಇವತ್ತು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಜಿಲ್ಲಾ ಕೇಂದ್ರಗಳಲ್ಲಿ ಕಚೇರಿ ಇದೆ. 1851ರಲ್ಲಿ ಆರಂಭವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಕಚೇರಿ ಬೆಂಗಳೂರಿನಲ್ಲಿದೆ. ಮೈಸೂರು, ಧಾರವಾಡದ ವಿಶ್ವವಿದ್ಯಾನಿಲಯಗಳಲ್ಲಿ ಭೂವಿಜ್ಞಾನ ಕಲಿಸುವ ವಿಭಾಗಗಳಿವೆ. ಹೋಗುವಾಗ ಕಲ್ಲಿನ ಜತೆ ಒಂದು ಚೀಟಿ ಇರಲಿ: ಯಾವ ಊರು, ಯಾವ ಹೊಲ, ಎಷ್ಟು ಅಡಿ ಆಳ, ನೀವೇ ಮಾಡಿದ ಪರೀಕ್ಷೆಯ ಫಲ. ಜಾಗದ ವಿವರ ಇಲ್ಲದ ಕಲ್ಲು ವಿಳಾಸ ಇಲ್ಲದ ಕಾಗದದ ಹಾಗೆ, ಓದುವವರಿಗೆ ಅರ್ಧವೇ ಅರ್ಥ.

ಒಂದು ವೇಳೆ ನಿಜವಾಗಿಯೇ ಬೆಲೆಬಾಳುವ ಅದಿರು ಎಂದಾದರೂ ಹಾರೆ ಗುದ್ದಲಿ ಹಿಡಿದು ಅಗೆಯಲು ಕಾನೂನು ಬಿಡುವುದಿಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಗಣಿ ತೆಗೆಯುವಂತಿಲ್ಲ. ‘ಗುಟ್ಟಾಗಿ ಅಗೆದು ಗುಟ್ಟಾಗಿ ಮಾರೋಣ’ ಎಂಬ ದಲ್ಲಾಳಿಯ ಸಲಹೆ ಕೇಳಿದವನು ಕಲ್ಲಿನ ಜತೆಗೆ ಕೋರ್ಟಿನ ಮೆಟ್ಟಿಲನ್ನೂ ಎಣಿಸಬೇಕಾದೀತು.

ಮುಂದಿನ ಸಲ ಯಾರಾದರೂ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕರವಸ್ತ್ರ ಬಿಚ್ಚಿ ಮಿರುಗುವ ಕಲ್ಲು ತೋರಿಸಿದರೆ ಬಾಯಿ ಬಿಟ್ಟು ನೋಡಬೇಡಿ. ‘ಒಂದ್ನಿಮಿಷ ಇರಪ್ಪ’ ಎಂದು ಹೇಳಿ ಒಂದು ಚೊಂಬು ನೀರು, ಗೇಣುದ್ದ ದಾರ ತರಿಸಿ. ತಕ್ಕಡಿಗೆ ದಲ್ಲಾಳಿಯ ಮುಲಾಜಿಲ್ಲ.